ಇರುವೆಯ ಸೊಂಟ ಎದೆಗೆ ಸೇರಿದ್ದೋ ಹೊಟ್ಟೆಗೋ? ದಯವಿಟ್ಟು ಒಟ್ಟಿಗೆ ಕೂತು ತೀರ್ಮಾನಿಸಿ

ಕನ್ನಡದಲ್ಲಿ ವಿಜ್ಞಾನದ ಪಠ್ಯ, ಪದಕೋಶ, ಕೀಟಗಳ ಕೈಪಿಡಿ, ರೈತರ ಕರಪತ್ರ ಸಿದ್ಧಪಡಿಸುವ ಎಲ್ಲ ಸಮಿತಿಗಳ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,

ಮಾನ್ಯರೇ, ನಮಸ್ಕಾರ.

ನಾನು ಮೂಡಿಗೆರೆ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರು. ಮನೆಯಲ್ಲಿ ಸ್ವಲ್ಪ ಕಾಫಿ ತೋಟವೂ ಇದೆ. ಹಾಗಾಗಿ ನೀವು ಅಚ್ಚು ಹಾಕಿಸುವ ಕಾಗದ ಎರಡು ದಾರಿಯಿಂದ ನನ್ನ ಕೈಗೆ ಬರುತ್ತದೆ. ಪಠ್ಯ, ಪದಕೋಶ, ಮಕ್ಕಳ ಚಟುವಟಿಕೆ ಪುಸ್ತಕ ಶಾಲೆಯ ಕಡೆಯಿಂದ. ಕೀಟ ಹತೋಟಿಯ ಕರಪತ್ರ ತೋಟದ ಕಡೆಯಿಂದ. ಇವನ್ನೆಲ್ಲ ಒಟ್ಟಿಗೆ ಮೇಜಿನ ಮೇಲೆ ಹರಡಿಕೊಂಡು ಕೂತಾಗ ಹುಟ್ಟಿದ ಪತ್ರ ಇದು. ಯಾವ ಸಂಸ್ಥೆಯ ಹೆಸರನ್ನೂ ಹೇಳುವುದಿಲ್ಲ. ಒಬ್ಬರನ್ನು ಹಿಡಿದು ಜಗ್ಗಿದರೆ ಸರಿಹೋಗುವ ವಿಷಯ ಇದಲ್ಲ.

ದೂರು ಇಷ್ಟೇ. ಇರುವೆಯ ಮೈಯ ಒಂದೇ ಭಾಗಕ್ಕೆ ನೀವು ಒಬ್ಬೊಬ್ಬರು ಒಂದೊಂದು ಹೆಸರು ಇಟ್ಟಿದ್ದೀರಿ. ಅದಕ್ಕಿಂತ ಕೆಟ್ಟದ್ದು, ಬೇರೆ ಬೇರೆ ಭಾಗಕ್ಕೆ ಒಂದೇ ಹೆಸರು ಇಟ್ಟಿದ್ದೀರಿ. ತಲೆಯ ಮುಂದೆ ಮಡಚಿದ ಮೊಣಕೈಯಂತೆ ಇರುವ ಅಂಗ ಒಂದು ಕಡೆ ಕುಡಿಮೀಸೆ, ಇನ್ನೊಂದು ಕಡೆ ಸ್ಪರ್ಶಾಂಗ, ಮತ್ತೊಂದು ಕಡೆ ಗ್ರಾಹಕಾಂಗ. ಇದನ್ನಾದರೂ ಮಕ್ಕಳು ಹೇಗೋ ಸಂಭಾಳಿಸುತ್ತಾರೆ, ಚಿತ್ರ ನೋಡಿದರೆ ಗೊತ್ತಾಗುತ್ತದೆ. ಆದರೆ ಸೊಂಟದ ಕಡೆ ಬಂದಾಗ ಎಲ್ಲರ ಕೈಯೂ ತಪ್ಪುತ್ತದೆ. ಸೊಂಟ, ತೊಟ್ಟು, ಕಾಂಡ, ನಡು ಅಂತ ನಾಲ್ಕು ಹೆಸರು ನಾನು ನೋಡಿದ್ದೇನೆ. ಒಂದು ಪುಸ್ತಕದಲ್ಲಿ ಅದು ಎದೆಯ ತುದಿ, ಇನ್ನೊಂದರಲ್ಲಿ ಹೊಟ್ಟೆಯ ಶುರು, ಮೂರನೆಯದರಲ್ಲಿ ಚಿತ್ರದಲ್ಲೇ ಇಲ್ಲ. ಬಾಣದ ಗುರುತು ನೇರ ಎದೆಯಿಂದ ಹೊಟ್ಟೆಗೆ ಹಾರಿಬಿಟ್ಟಿದೆ.

ಇದರಿಂದ ಏನಾಯಿತು ಅಂತ ಹೇಳುತ್ತೇನೆ. ಒಂದು ವಿಜ್ಞಾನ ವಸ್ತು ಪ್ರದರ್ಶನಕ್ಕೆ ನಮ್ಮ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಜೇಡಿಮಣ್ಣಿನಲ್ಲಿ ಗೊದ್ದ ಅನ್ನುವ ಕಪ್ಪು ಇರುವೆಯ ದೊಡ್ಡ ಮಾದರಿ ಮಾಡಿಕೊಂಡು ಹೋಗಿದ್ದಳು. ಲೆನ್ಸ್ ಹಿಡಿದು ನೋಡಿ ನೋಡಿ ಮಾಡಿದ್ದು. ತಲೆ, ನಡುಮೈ, ಸೊಂಟದ ಗಂಟು, ಹಿಂಭಾಗದ ಗುಂಡು ಅಂತ ನಾಲ್ಕು ಚೀಟಿ ಅಂಟಿಸಿದ್ದಳು. ತೀರ್ಪುಗಾರರಲ್ಲಿ ಒಬ್ಬರು ಬಂದು, ಕೀಟಕ್ಕೆ ಮೂರೇ ಭಾಗ ಕಣಮ್ಮ, ಪುಸ್ತಕ ಓದಿಲ್ವಾ ಅಂದರು. ಅವಳು ಸುಮ್ಮನಿರಲಿಲ್ಲ. ಹಾಗಾದ್ರೆ ಈ ಗಂಟು ಯಾವುದಕ್ಕೆ ಸೇರುತ್ತೆ ಸರ್ ಅಂತ ಕೇಳಿದಳು. ಒಬ್ಬರು ಎದೆಗೆ ಅಂದರು, ಪಕ್ಕದಲ್ಲಿದ್ದವರು ಹೊಟ್ಟೆಗೆ ಅಂದರು. ಇಬ್ಬರೂ ಒಂದು ನಿಮಿಷ ಮುಖ ಮುಖ ನೋಡಿಕೊಂಡು ಮುಂದಿನ ಮೇಜಿಗೆ ಹೋದರು. ಅಂಕ ಮಾತ್ರ ಹುಡುಗಿಗೆ ಕಟ್ ಆಯಿತು.

ಸರಿಯಾಗಿ ಹೇಳಬೇಕೆಂದರೆ ಹೊಟ್ಟೆಗೆ ಅಂದವರದ್ದೇ ಸರಿ. ಆದರೆ ವಿಷಯ ಅಷ್ಟಕ್ಕೇ ಮುಗಿಯುವುದಿಲ್ಲ. ನೀವೂ ಒಂದು ಸಲ ಲೆನ್ಸ್ ಹಿಡಿಯಬೇಕು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಗೊದ್ದವನ್ನೇ ತೆಗೆದುಕೊಳ್ಳೋಣ. ನಮ್ಮ ಕಡೆ ಎಲ್ಲ ಮನೆಯ ಅಂಗಳದಲ್ಲೂ ಓಡಾಡುವ ದಪ್ಪ ಕಪ್ಪು ಇರುವೆ, ವಿಜ್ಞಾನಿಗಳು ಕ್ಯಾಂಪೊನೋಟಸ್ ಕಂಪ್ರೆಸಸ್ ಅನ್ನುತ್ತಾರೆ. ಹತ್ತು ಪಟ್ಟು ಹಿಗ್ಗಿಸುವ ಸಣ್ಣ ಲೆನ್ಸ್ ಇದ್ದರೆ ಸಾಕು. ತಲೆಯ ಮುಂಭಾಗದಲ್ಲಿ ಎರಡು ದವಡೆ, ಕತ್ತರಿಯಂತೆ ಅಕ್ಕಪಕ್ಕಕ್ಕೆ ತೆರೆಯುತ್ತವೆ, ನಮ್ಮಂತೆ ಮೇಲೆ ಕೆಳಗೆ ಅಲ್ಲ. ದವಡೆಯ ಒಳ ಅಂಚಿನಲ್ಲಿ ಹಲ್ಲಿನ ಸಾಲು. ದವಡೆಗಳ ಮೇಲೆ ಒಂದು ಗಟ್ಟಿ ತಗಡು, ಅದು ಕ್ಲೈಪಿಯಸ್. ಅದರ ಹಿಂದಿನ ಅಂಚಿನಿಂದ ಸ್ವಲ್ಪ ದೂರ ಬಿಟ್ಟು ಮೀಸೆಯ ಎರಡು ಗುಳಿ. ಆ ಸ್ವಲ್ಪ ದೂರ ಅನ್ನುವುದೇ ಗೊದ್ದದ ಬಳಗವನ್ನು ಗುರುತಿಸುವ ಒಂದು ಮುಖ್ಯ ಲಕ್ಷಣ. ಮೀಸೆಯ ಮೊದಲ ತುಂಡು ಉದ್ದ, ಒಂದೇ ಕೋಲು. ಅಲ್ಲಿಂದ ಮೊಣಕೈಯಂತೆ ತಿರುಗಿ ಹನ್ನೊಂದು ಚಿಕ್ಕ ತುಂಡು, ಒಟ್ಟು ಹನ್ನೆರಡು. ಗಂಡು ಇರುವೆಯಾದರೆ ಹದಿಮೂರು. ಅದೇ ಅಂಗಳದಲ್ಲಿ ಹೊಟ್ಟೆ ಕೆಳಗೆ ಜೋತುಬಿಟ್ಟುಕೊಂಡು ಓಡಾಡುವ ಕಂದು ಇರುವೆ ಇದೆಯಲ್ಲ, ಮಿರ್ಮಿಕೇರಿಯಾ, ಅದರ ಮೀಸೆಯಲ್ಲಿ ಏಳೇ ತುಂಡು. ಎಣಿಸಿದರೆ ಮಕ್ಕಳಿಗೂ ಸಿಗುತ್ತದೆ. ಎಣಿಸಿದ್ದನ್ನು ಬರೆಯಲು ಮೊದಲ ಕೋಲಿಗೆ ಒಂದು ಹೆಸರು, ಉಳಿದ ತುಂಡುಗಳಿಗೆ ಒಂದು ಹೆಸರು ಬೇಕು. ನಿಮ್ಮ ಪದಕೋಶದಲ್ಲಿ ಎರಡೂ ಇಲ್ಲ. ಎಲ್ಲವೂ ಸ್ಪರ್ಶಾಂಗ.

ಇನ್ನು ನಡುಮೈ. ಆರೂ ಕಾಲು ಇಲ್ಲಿಂದಲೇ ಹೊರಟಿವೆ. ಮುಂಗಾಲಿನ ಮೊಣಕಾಲ ಕೆಳಗೆ ಒಂದು ಬಾಗಿದ ಮುಳ್ಳು, ಅದರ ಎದುರು ಪಾದದ ಮೊದಲ ತುಂಡಿನಲ್ಲಿ ಒಂದು ಕಚ್ಚು. ಈ ಸಂದಿಯಲ್ಲಿ ಮೀಸೆಯನ್ನು ಎಳೆದು ಎಳೆದು ಒರೆಸಿಕೊಳ್ಳುತ್ತದೆ, ನೋಡಲು ಬಹಳ ಚೆಂದ. ಮಕ್ಕಳಿಗೆ ಇದನ್ನು ತೋರಿಸಿದರೆ ಬೆಲ್ ಹೊಡೆದರೂ ಎದ್ದು ಹೋಗುವುದಿಲ್ಲ. ಇದಕ್ಕೂ ಕನ್ನಡದಲ್ಲಿ ಹೆಸರಿಲ್ಲ.

ಈ ನಡುಮೈಯನ್ನೇ ನಾವೆಲ್ಲ ಎದೆ ಅಂತ ಬರೆಸುತ್ತೇವೆ. ಆದರೆ ಅದು ಪೂರ್ತಿ ಎದೆ ಅಲ್ಲ. ಇರುವೆ, ಜೇನುಹುಳು, ಕಣಜ ಈ ಮೂರರಲ್ಲೂ ಹೊಟ್ಟೆಯ ಮೊದಲನೇ ಉಂಗುರ ಮರಿಹುಳು ಕೋಶಾವಸ್ಥೆಯಲ್ಲಿ ರೂಪ ಬದಲಿಸುವಾಗ ಮುಂದಕ್ಕೆ ಬಂದು ಎದೆಗೆ ಬೆಸೆದುಕೊಳ್ಳುತ್ತದೆ. ಆ ಉಂಗುರಕ್ಕೆ ಪ್ರೊಪೋಡಿಯಮ್ ಅನ್ನುತ್ತಾರೆ. ಪಕ್ಕದಿಂದ ನೋಡಿ, ನಡುಮೈಯ ಹಿಂತುದಿಯಲ್ಲಿ ಉಸಿರಾಟದ ಸಣ್ಣ ತೂತು ಕಾಣುತ್ತದೆ. ಅದು ಇರುವ ಜಾಗವೇ ಪ್ರೊಪೋಡಿಯಮ್. ಅದರಿಂದ ಒಂದು ಕಾಲೂ ಹೊರಟಿಲ್ಲ, ಹೊರಡುವ ಹಾಗೂ ಇಲ್ಲ, ಯಾಕಂದರೆ ಅದು ಹೊಟ್ಟೆಯ ತುಂಡು. ಎದೆ ಮತ್ತು ಈ ತುಂಡು ಸೇರಿದ್ದಕ್ಕೆ ಮೀಸೋಸೋಮಾ ಅಂತ ಹೆಸರು. ಹಾಗಾಗಿ ಸೊಂಟದ ಗಂಟು ಅಂದರೆ ಪೆಟಿಯೋಲ್, ಅದು ಹೊಟ್ಟೆಯ ಎರಡನೇ ಉಂಗುರ. ಅದರ ಹಿಂದೆ ಇರುವ ಗುಂಡು ಗ್ಯಾಸ್ಟರ್.

ಕೀಟಕ್ಕೆ ಮೂರು ಭಾಗ ಅನ್ನುವುದು ಸುಳ್ಳಲ್ಲ. ಮಿಡತೆಗೆ, ಜಿರಳೆಗೆ ಅದು ಕಣ್ಣಿಗೇ ಕಾಣುತ್ತದೆ. ಆದರೆ ಆ ಪಾಠಕ್ಕೆ ಇರುವೆಯ ಚಿತ್ರವನ್ನೇ ಯಾಕೆ ಹಾಕುತ್ತೀರಿ? ಮೂರು ಭಾಗ ತೋರಿಸಲು ಇದಕ್ಕಿಂತ ತೊಡಕಿನ ಕೀಟ ಇನ್ನೊಂದು ಸಿಗಲಿಕ್ಕಿಲ್ಲ. ಇರುವೆ ಹಾಕಿದ ಮೇಲೆ ಸೊಂಟವನ್ನು ಬಿಡಬಾರದು, ಸೊಂಟ ಬಿಟ್ಟರೆ ಅದು ಇರುವೆಯೇ ಅಲ್ಲ.

ಸೊಂಟದ ವಿಷಯ ಇನ್ನೂ ಇದೆ. ಗೊದ್ದಕ್ಕೆ, ಎಲೆ ಹೆಣೆದು ಗೂಡು ಕಟ್ಟುವ ಚಗಳಿಗೆ ಒಂದೇ ಗಂಟು. ಮರದ ಮೇಲೆ ಸಗಣಿ ಬಣ್ಣದ ಗೂಡು ಕಟ್ಟುವ ಕ್ರಿಮಾಟೊಗ್ಯಾಸ್ಟರ್ ಇರುವೆಗೆ ಎರಡು ಗಂಟು. ನಮ್ಮ ತೋಟದ ಸಿಲ್ವರ್ ಮರಗಳಲ್ಲಿ ನೋಡಿರುತ್ತೀರಿ, ಮುಟ್ಟಿದರೆ ಹೊಟ್ಟೆಯನ್ನು ತಲೆಯ ಮೇಲೆ ಎತ್ತುತ್ತದೆ. ಯಾಕೆ ಎತ್ತಲಿಕ್ಕೆ ಆಗುತ್ತದೆ ಅಂದರೆ ಎರಡನೇ ಗಂಟು ಗ್ಯಾಸ್ಟರಿನ ಮುಂತುದಿಗೆ ಅಲ್ಲ, ಬೆನ್ನಿನ ಮೇಲ್ಭಾಗಕ್ಕೆ ಕೂಡಿಕೊಂಡಿದೆ. ಹೊಟ್ಟೆಯ ಮೂರನೇ ಉಂಗುರವೇ ಇಲ್ಲಿ ಎರಡನೇ ಗಂಟಾಗಿದೆ. ಹಾಗಾದರೆ ಹೊಟ್ಟೆಯ ಮೊದಲ ಪಟ್ಟಿ ಅಂತ ಯಾರಾದರೂ ಬರೆದರೆ ಏನರ್ಥ? ಗ್ಯಾಸ್ಟರಿನ ಮೊದಲ ಪಟ್ಟಿ ಗೊದ್ದದಲ್ಲಿ ನಿಜವಾಗಿ ಮೂರನೇ ಉಂಗುರ, ಕ್ರಿಮಾಟೊಗ್ಯಾಸ್ಟರಿನಲ್ಲಿ ನಾಲ್ಕನೇ ಉಂಗುರ. ಹೊಟ್ಟೆಯ ನಿಜವಾದ ಮೊದಲನೇ ಉಂಗುರ ಎರಡರಲ್ಲೂ ಎದೆಯ ಜೊತೆ ಕೂತಿದೆ. ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಕ್ಕೆ ಮುತ್ತುವ, ಕರಿ ತಲೆಯ ಬಿಳಿಚು ಇರುವೆ ಟ್ಯಾಪಿನೋಮಾ ಇನ್ನೊಂದು ತರಲೆ. ಅದರ ಸೊಂಟ ಚಪ್ಪಟೆ, ಮೇಲಿಂದ ಗ್ಯಾಸ್ಟರ್ ಬಾಗಿ ಮುಚ್ಚಿಬಿಡುತ್ತದೆ, ಗಂಟೇ ಇಲ್ಲ ಅನ್ನಿಸುತ್ತದೆ. ಇನ್ನು ಕಾಡಂಚಿನಲ್ಲಿ ಸಿಗುವ ನೆಗೆಯುವ ಇರುವೆ ಹಾರ್ಪೆಗ್ನಾಥಸ್‌ಗೆ ಗಂಟು ಒಂದೇ, ಆದರೆ ಗ್ಯಾಸ್ಟರಿನ ಮೊದಲ ಮತ್ತು ಎರಡನೇ ಪಟ್ಟಿಯ ನಡುವೆ ಒಂದು ಕಚ್ಚು ಬಿದ್ದು, ನೋಡುವವರಿಗೆ ಎರಡು ಗಂಟಿನ ಹಾಗೆ ಕಂಡರೂ ಆಶ್ಚರ್ಯವಿಲ್ಲ.

ಇಷ್ಟು ಗೋಜಲು ಇರುವ ಜಾಗಕ್ಕೆ ಹೊಟ್ಟೆ ಅನ್ನುವ ಒಂದೇ ಪದ ಎಸೆದು ಕೈತೊಳೆದುಕೊಂಡರೆ ಹೇಗೆ ಹೇಳಿ.

ನ್ಯಾಯವಾಗಿ ಹೇಳಬೇಕು, ಈ ಗೊಂದಲ ಕನ್ನಡದ್ದು ಮಾತ್ರ ಅಲ್ಲ. ಇಂಗ್ಲಿಷಿನಲ್ಲಿ ಇರುವೆಯ ನಡುಮೈಗೆ ಥೊರಾಕ್ಸ್, ಅಲಿಟ್ರಂಕ್, ಟ್ರಂಕ್, ಮೀಸೋಸೋಮಾ ಅಂತ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಬರೆದರು. ಪ್ರೊಪೋಡಿಯಮ್‌ಗೆ ಎಪಿನೋಟಮ್ ಅಂತಲೂ ಅಂದರು. 1903ರಲ್ಲಿ ಬಿಂಗ್‌ಹ್ಯಾಮ್ ಅನ್ನುವ ಸೇನಾಧಿಕಾರಿ ಆಗಿನ ಬ್ರಿಟಿಷ್ ಇಂಡಿಯಾದ ಇರುವೆಗಳ ಬಗ್ಗೆ ದೊಡ್ಡ ಸಂಪುಟ ಬರೆದರು. ನಮ್ಮ ಇರುವೆಗಳನ್ನು ಹುಡುಕುವವರು ಇವತ್ತಿಗೂ ಅದನ್ನು ತೆಗೆಯುತ್ತಾರೆ. ಅದರಲ್ಲಿ ಅಬ್ಡೊಮೆನ್ ಅಂದರೆ ಗುಂಡು ಭಾಗ ಮಾತ್ರ. ಮೆಟನೋಟಮ್ ಅಂತ ಅವರು ಬರೆದಿರುವ ಜಾಗವನ್ನು ಈಗಿನವರು ಪ್ರೊಪೋಡಿಯಮ್ ಅನ್ನುತ್ತಾರೆ, ಈಗಿನ ಮೆಟನೋಟಮ್ ಅದರ ಮುಂದಿನ ಬೇರೆ ಭಾಗ. ಆ ಪುಸ್ತಕದಿಂದ ಒಂದು ಸಾಲು, 1994ರಲ್ಲಿ ಬೋಲ್ಟನ್ ಬರೆದ ಜಗತ್ತಿನ ಇರುವೆ ಕುಲಗಳ ಕೈಪಿಡಿಯಿಂದ ಒಂದು ಸಾಲು ತೆಗೆದು ಕನ್ನಡಕ್ಕೆ ಪಕ್ಕಪಕ್ಕ ಇಟ್ಟರೆ, ಅನುವಾದ ಎಷ್ಟೇ ಶುದ್ಧ ಇದ್ದರೂ ಇರುವೆ ಮಾತ್ರ ತಪ್ಪಾಗಿರುತ್ತದೆ. ನನ್ನ ಕೈಯಲ್ಲಿರುವ ಒಂದು ಕೈಪಿಡಿಯಲ್ಲಿ ಹೀಗೇ ಆಗಿದೆ ಅಂತ ನನಗೆ ಗಟ್ಟಿ ಅನುಮಾನ. ಒಂದು ಪುಟದಲ್ಲಿ ಹೊಟ್ಟೆಯ ಮೊದಲ ಪಟ್ಟಿಯ ಮೇಲೆ ಕೂದಲು ಅಂತಿದೆ, ನಾಲ್ಕು ಪುಟ ದಾಟಿದ ಮೇಲೆ ಅದೇ ಇರುವೆಗೆ ಮೂರನೇ ಪಟ್ಟಿಯ ಮೇಲೆ ಕೂದಲು ಅಂತಿದೆ.

ಪ್ರಾಣಿಗಳ ಹೆಸರಿಡಲು ಅಂತರರಾಷ್ಟ್ರೀಯ ನಿಯಮಾವಳಿ ಇದೆ. ಅದರ ಈಗಿನ ಆವೃತ್ತಿ 2000ದಿಂದ ಜಾರಿಯಲ್ಲಿದೆ. ಒಂದು ಜಾತಿಗೆ ಒಂದೇ ಸರಿಯಾದ ಹೆಸರು ಅಂತ ಅದು ಕಟ್ಟುನಿಟ್ಟು ಮಾಡುತ್ತದೆ. ಆದರೆ ಆ ಜಾತಿಯ ಕಾಲಿಗೆ, ದವಡೆಗೆ, ಸೊಂಟಕ್ಕೆ ಏನನ್ನಬೇಕು ಅಂತ ಅದು ಹೇಳುವುದಿಲ್ಲ, ಅದು ಅದರ ಕೆಲಸವೂ ಅಲ್ಲ. ಮನುಷ್ಯರ ಅಂಗರಚನೆ ಓದುವ ವೈದ್ಯರು ಇದೇ ಗೊಂದಲದಲ್ಲಿ ಸಾಕಾಗಿ 1895ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಒಂದು ಪಟ್ಟಿ ಒಪ್ಪಿಕೊಂಡರು. ಆಮೇಲೆ ಅದನ್ನು ತಿದ್ದುತ್ತ ತಿದ್ದುತ್ತ 1998ರಲ್ಲಿ ಹೊಸ ಪಟ್ಟಿ ತಂದರು. ಇರುವೆ, ಜೇನು, ಕಣಜಗಳ ಬಳಗಕ್ಕೆ ಅಂಥ ಪ್ರಯತ್ನ ತಡವಾಗಿ ಶುರುವಾಯಿತು. ಹೈಮೆನಾಪ್ಟೆರಾ ಅನಾಟಮಿ ಆಂಟಾಲಜಿ ಅಂತ ಅದರ ಹೆಸರು, 2010ರಲ್ಲಿ ಅದರ ಬಗ್ಗೆ ಪ್ರಬಂಧ ಬಂತು, ಯಾರು ಬೇಕಾದರೂ ಇಂಟರ್‌ನೆಟ್‌ನಲ್ಲಿ ನೋಡಬಹುದು.

ಅವರು ಮಾಡಿದ ಉಪಾಯ ನಿಮಗೆ ಹೇಳಲೇಬೇಕು, ಯಾಕಂದರೆ ನಾನು ಕೇಳುತ್ತಿರುವುದೂ ಅದನ್ನೇ. ಹಳೇ ಹೆಸರುಗಳನ್ನು ಅವರು ಅಳಿಸಲಿಲ್ಲ. ಪ್ರತಿ ಭಾಗಕ್ಕೆ ಒಂದು ನಂಬರ್ ಕೊಟ್ಟರು, ಆ ಭಾಗ ಎಲ್ಲಿಂದ ಎಲ್ಲಿಯವರೆಗೆ ಅಂತ ಒಂದು ವಾಕ್ಯ ಬರೆದರು, ಆ ಭಾಗಕ್ಕೆ ಯಾರ್‍ಯಾರು ಏನೇನು ಅಂದಿದ್ದಾರೆ ಅನ್ನುವುದನ್ನು ಆ ನಂಬರಿನ ಕೆಳಗೇ ಸೇರಿಸಿದರು. ನಮ್ಮ ಊರಲ್ಲಿ ಒಂದೇ ಗದ್ದೆಗೆ ಅಜ್ಜ ಕೆರೆಕೋಡಿ ಗದ್ದೆ ಅಂತಾರೆ, ಪಕ್ಕದ ಮನೆಯವರು ಮಾವಿನಮರದ ಗದ್ದೆ ಅಂತಾರೆ, ಪಹಣಿಯಲ್ಲಿ ಮಾತ್ರ ಸರ್ವೆ ನಂಬರ್ ಒಂದೇ. ಜಗಳ ಬಂದರೆ ನಂಬರ್ ನೋಡುತ್ತೇವೆ, ಚಕ್ಕುಬಂದಿ ನೋಡುತ್ತೇವೆ. ಇದೂ ಹಾಗೇ.

ಇದೆಲ್ಲ ಪುಸ್ತಕದ ಹುಳುಗಳ ಗಲಾಟೆ, ನಮಗೇನು ಅಂತ ನಿಮ್ಮಲ್ಲಿ ಯಾರಿಗಾದರೂ ಅನ್ನಿಸಿದರೆ ತೋಟದ ಮಾತಿಗೆ ಬರುತ್ತೇನೆ.

ಕಾಫಿಗೆ ಹಿಟ್ಟು ತಿಗಣೆ, ಹಸಿರು ತಿಗಣೆ ಬಿದ್ದರೆ ಇರುವೆ ಬಂದೇ ಬರುತ್ತದೆ. ತಿಗಣೆ ಬಿಡುವ ಸಿಹಿ ಅಂಟು ಇರುವೆಗೆ ಬೇಕು. ಅದಕ್ಕೆ ಅದು ತಿಗಣೆಗೆ ಕಾವಲು ಕೂರುತ್ತದೆ. ತಿಗಣೆ ತಿನ್ನಲಿ ಅಂತ ನಾವು ಬಿಡುವ ಗುಲಗಂಜಿ ಹುಳುವಿನ ಬಳಗದ ಕ್ರಿಪ್ಟೋಲೀಮಸ್‌ನಂಥ ಹುಳುಗಳನ್ನು ಓಡಿಸುತ್ತದೆ. ಹಾಗಾಗಿ ತಿಗಣೆ ಹತೋಟಿ ಅಂದರೆ ಇರುವೆ ಹತೋಟಿಯೂ ಹೌದು. ಆದರೆ ಯಾವ ಇರುವೆ? ತೋಟದಲ್ಲಿ ಓಡಾಡುವ ಎಲ್ಲ ಇರುವೆಯೂ ತಿಗಣೆ ಸಾಕುವುದಿಲ್ಲ. ಸಾಲು ಕಟ್ಟಿಕೊಂಡು ನೆಲದ ಮೇಲೆ ಹೋಗುವ ಲೆಪ್ಟೊಜೆನಿಸ್ ಗೆದ್ದಲು ಬೇಟೆಗೆ ಹೊರಟಿರುತ್ತದೆ. ಅದಕ್ಕೆ ಔಷಧಿ ಹೊಡೆದರೆ ದುಡ್ಡೂ ದಂಡ, ಗೆದ್ದಲಿಗೆ ಹಬ್ಬ.

ಒಂದು ತರಬೇತಿಯಲ್ಲಿ ನಮಗೆ ಕರಪತ್ರ ಹಂಚಿದರು. ಅದರಲ್ಲಿ ಎರಡು ಸಾಲು ಹೀಗಿತ್ತು, ತೊಟ್ಟಿನ ಮೇಲೆ ಇರುವೆಗಳಿದ್ದರೆ ಗಮನಿಸಿ, ತೊಟ್ಟಿನಲ್ಲಿ ಎರಡು ಗಂಟುಗಳಿದ್ದರೆ ಹತೋಟಿ ಕ್ರಮ ಕೈಗೊಳ್ಳಿ. ಮೊದಲ ತೊಟ್ಟು ಕಾಫಿ ಹಣ್ಣಿನದ್ದು, ಎರಡನೇ ತೊಟ್ಟು ಇರುವೆಯ ಸೊಂಟ. ಬರೆದವರಿಗೆ ಗೊತ್ತು, ಓದಿದವರಿಗೆ ಹೇಗೆ ಗೊತ್ತಾಗಬೇಕು? ಕಾಫಿ ಬೆಳೆಗಾರನಿಗೆ ಗಂಟು ಅಂದರೆ ರೆಕ್ಕೆಯಲ್ಲಿ, ಅಂದರೆ ಗಿಡದ ಪಕ್ಕದ ಕೊಂಬೆಯಲ್ಲಿ, ಹಣ್ಣು ಕಚ್ಚುವ ಜಾಗ. ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರು, ಗಿಡ ಸಾಕಿ ತಲೆ ನೆರೆದವರು, ನನ್ನ ಕಡೆ ಬಾಗಿ, ಮೇಷ್ಟ್ರೇ, ಎರಡು ಗಂಟಿಗೆ ಒಂದೇ ತೊಟ್ಟು ಎಲ್ಲಾದ್ರೂ ಉಂಟಾ ಅಂದರು. ಸಭೆಯಲ್ಲಿ ಇದನ್ನು ಕೇಳಿದಾಗ ಸಿಕ್ಕ ಉತ್ತರ, ಇಂಗ್ಲಿಷ್ ಪ್ರತಿಯಲ್ಲಿ ಸರಿಯಾಗಿದೆ, ಅದನ್ನು ನೋಡಿಕೊಳ್ಳಿ. ಇಂಗ್ಲಿಷ್ ಪ್ರತಿ ಓದುವ ಹಾಗಿದ್ದರೆ ಕನ್ನಡದ್ದು ಅಚ್ಚು ಹಾಕಿದ್ದು ಯಾರಿಗೆ ಸ್ವಾಮಿ?

ಇನ್ನೊಂದು ಸಣ್ಣ ವಿಷಯ, ಸಣ್ಣದು ಅನ್ನಿಸಿದರೂ ಅಲ್ಲ. ಅಳತೆ. ಚಟುವಟಿಕೆ ಪುಸ್ತಕದಲ್ಲಿ ಇರುವೆಯ ಉದ್ದ ಅಳೆಯಿರಿ ಅಂತಿದೆ. ದವಡೆ ಸೇರಿಸಿಯಾ, ಬಿಟ್ಟಾ? ಗೊದ್ದದಲ್ಲಿ ವ್ಯತ್ಯಾಸ ಕಡಿಮೆ. 1851ರಲ್ಲಿ ಜೆರ್ಡನ್ ಅನ್ನುವ ವೈದ್ಯರು ದಕ್ಷಿಣ ಭಾರತದಿಂದ ವರ್ಣಿಸಿದ ಅದೇ ನೆಗೆಯುವ ಇರುವೆಯ ದವಡೆ ಇಕ್ಕಳದ ಹಾಗೆ ಮುಂದಕ್ಕೆ ಚಾಚಿಕೊಂಡಿದೆ. ಸೇರಿಸಿದರೆ ಒಂದು ಉದ್ದ, ಬಿಟ್ಟರೆ ಇನ್ನೊಂದು. ಅದರ ಕಣ್ಣು ದೊಡ್ಡದು, ಪಕ್ಕಕ್ಕೆ ಉಬ್ಬಿದೆ, ತಲೆಯ ಅಗಲ ಅಳೆಯುವಾಗ ಕಣ್ಣು ಸೇರಿಸಬೇಕಾ ಅನ್ನುವ ಪ್ರಶ್ನೆ. ಇರುವೆ ತಜ್ಞರಲ್ಲೇ ಇದರಲ್ಲಿ ಬೇರೆ ಬೇರೆ ರೂಢಿ ಇದೆ, ಅದಕ್ಕೇ ಅವರು ಪ್ರತಿ ಪ್ರಬಂಧದಲ್ಲಿ ಯಾವುದನ್ನು ಎಲ್ಲಿಂದ ಎಲ್ಲಿಗೆ ಅಳೆದೆವು ಅಂತ ಮೊದಲೇ ಬರೆಯುತ್ತಾರೆ. ಹೊಟ್ಟೆ ತುಂಬಿದರೆ ಗ್ಯಾಸ್ಟರ್ ಹಿಗ್ಗುತ್ತದೆ, ಸತ್ತರೆ ಕುಗ್ಗುತ್ತದೆ. ಹಾಗಾಗಿ ಒಟ್ಟು ಉದ್ದವನ್ನು ನಂಬದೆ ನಡುಮೈಯನ್ನು ಪಕ್ಕದಿಂದ ಓರೆಯಾಗಿ ಅಳೆಯುತ್ತಾರೆ. ಅದಕ್ಕೆ ವೆಬರ್ ಉದ್ದ ಅಂತ ಹೆಸರು. ನೀವು ಒಂದು ಸಾಲು ಸೇರಿಸಿದ್ದರೆ ಸಾಕಿತ್ತು. ಈಗ ಒಂದೇ ಇರುವೆಗೆ ನಮ್ಮ ಕ್ಲಾಸಿನಲ್ಲಿ ಬೆಂಚಿಗೊಂದು ಉತ್ತರ.

ಮೈಯ ಮೇಲಿನ ಕೆತ್ತನೆಯ ಕಥೆ ಉದ್ದ ಮಾಡುವುದಿಲ್ಲ. ನುಣುಪು, ಗೆರೆ, ಸುಕ್ಕು, ಚುಕ್ಕಿಗುಳಿ, ಬಲೆ ಅಂತ ನಮ್ಮಲ್ಲಿ ಆಡುಮಾತಿನ ಪದಗಳೇ ಬೇಕಾದಷ್ಟಿವೆ. ಡಯಾಕಮ್ಮ ಇರುವೆಯ ಮೈ ನೋಡಿದರೆ ಗೆರೆ ಅನ್ನುವ ಪದ ತಾನಾಗೇ ಬಾಯಿಗೆ ಬರುತ್ತದೆ. ಅಷ್ಟಿದ್ದೂ ಕೈಪಿಡಿಯಲ್ಲಿ ಎಲ್ಲದಕ್ಕೂ ಒರಟು ಅಂತ ಬರೆದು ಮುಗಿಸಿದ್ದಾರೆ.

ನೀವು ಹೇಳಬಹುದಾದ ಮಾತು ನನಗೆ ಗೊತ್ತು. ಮಕ್ಕಳಿಗೆ ಇಷ್ಟೆಲ್ಲ ಬೇಕಾ ಮೇಷ್ಟ್ರೇ ಅಂತ. ಎಲ್ಲ ಮಕ್ಕಳಿಗೂ ಬೇಡ. ಆದರೆ ಬೇಕಾದ ಮಗುವಿಗೆ ಸಿಗಬೇಕಲ್ವಾ? ಜಗತ್ತಿನಲ್ಲಿ ಈಗಾಗಲೇ ಹೆಸರಿಟ್ಟಿರುವ ಇರುವೆ ಜಾತಿಗಳು 14,000ಕ್ಕೂ ಜಾಸ್ತಿ. ನಮ್ಮ ದೇಶದ ಇರುವೆಗಳ 2016ರ ಪಟ್ಟಿಯಲ್ಲಿ ಉಪಜಾತಿಗಳೂ ಸೇರಿ 828 ಇದ್ದವು, ಕುಲಗಳು 100. ಪಶ್ಚಿಮ ಘಟ್ಟದ ಬುಡದಲ್ಲಿ, ಕೊಟ್ಟಿಗೆಹಾರದ ಮಳೆಯಲ್ಲಿ, ಸಕಲೇಶಪುರದ ತೋಟಗಳಲ್ಲಿ ಬೆಳೆಯುವ ಮಕ್ಕಳಿಗೆ ಇದು ಕಿಟಕಿಯ ಆಚೆಗಿನ ಸಂಗತಿ. 2002ರ ಜೀವವೈವಿಧ್ಯ ಕಾಯಿದೆ ಪ್ರಕಾರ ಪಂಚಾಯ್ತಿ ಮಟ್ಟದಲ್ಲಿ ಜನರೇ ತಮ್ಮ ಸುತ್ತಲಿನ ಜೀವಿಗಳ ದಾಖಲಾತಿ ಮಾಡಬೇಕು. ಆ ದಾಖಲಾತಿ ಕನ್ನಡದಲ್ಲಿ ಆಗುತ್ತದೆ. ಅದರಲ್ಲಿ ಕಪ್ಪು ಇರುವೆ, ಕೆಂಪು ಇರುವೆ, ಸಣ್ಣ ಇರುವೆ ಅಂತ ಮೂರು ಸಾಲು ಬಿಟ್ಟರೆ ಇನ್ನೇನು ಬರೆಯಲು ಸಾಧ್ಯ, ಮೈಯನ್ನು ವರ್ಣಿಸಲು ಪದಗಳೇ ಇಲ್ಲದಿದ್ದರೆ?

ಇನ್ನೊಂದು ಮಾತು, ಎಲ್ಲದಕ್ಕೂ ಅಚ್ಚಗನ್ನಡ ಪದ ಹುಟ್ಟಿಸೋಣ ಅಂತ. ಅದಕ್ಕೂ ನನ್ನ ಒಪ್ಪಿಗೆ ಇಲ್ಲ. ಹಾಗೆ ಹುಟ್ಟಿಸಿದ ಪದಗಳ ಪಟ್ಟಿ ನನ್ನ ಬೀರುವಿನಲ್ಲಿ ಬೇಕಾದಷ್ಟಿದೆ, ಒಂದನ್ನೂ ಯಾರೂ ಬಳಸಿದ್ದು ಕಾಣೆ. ತಲೆ, ಮೀಸೆ, ದವಡೆ, ಕಣ್ಣು, ಸೊಂಟಗಂಟು ಇವು ಇರಲಿ, ಮಕ್ಕಳ ಬಾಯಲ್ಲಿ ತಾವಾಗೇ ಕೂರುತ್ತವೆ. ಸೊಂಟಗಂಟು ಅನ್ನುವುದು ನಮ್ಮ ಕ್ಲಾಸಿನ ಮಕ್ಕಳೇ ಕಟ್ಟಿದ ಪದ, ಕಾಫಿಯ ಗಂಟಿನ ಜೊತೆ ಗೊಂದಲ ಆಗುವುದಿಲ್ಲ, ಎರಡಿದ್ದರೆ ಮೊದಲನೇ ಸೊಂಟಗಂಟು, ಎರಡನೇ ಸೊಂಟಗಂಟು ಅಂದರೆ ಮುಗಿಯಿತು. ಆದರೆ ಪ್ರೊಪೋಡಿಯಮ್, ಕ್ಲೈಪಿಯಸ್ ಅಂಥವನ್ನು ಹಾಗೇ ಬಿಡಿ. ರೇಡಿಯೋ, ಬಸ್ಸು ಬಂದ ಹಾಗೆ ಇವೂ ಬರುತ್ತವೆ. ನಿಮಗೆ ಬೇರೆ ಅಭಿಪ್ರಾಯ ಇದ್ದರೆ ಇರಲಿ, ಜಗಳ ಆಡೋಣ. ಜಗಳ ಆಡಿ ಒಂದಕ್ಕೆ ಒಪ್ಪಿಕೊಳ್ಳೋಣ. ಆಮೇಲೆ ಪಠ್ಯದಲ್ಲೊಂದು, ಕರಪತ್ರದಲ್ಲೊಂದು ಬೇಡ.

ಹಾಗಾಗಿ ನನ್ನ ಕೋರಿಕೆ. ಪಠ್ಯದವರು, ಪದಕೋಶದವರು, ಕೃಷಿ ತೋಟಗಾರಿಕೆಯ ಕರಪತ್ರ ಬರೆಯುವವರು ಬೇರೆ ಬೇರೆ ಕೂರುವುದನ್ನು ಬಿಟ್ಟು ಒಂದು ಸಲ ಒಟ್ಟಿಗೆ ಕೂರಿ. ಬೆಂಗಳೂರೇ ಆಗಬೇಕಿಲ್ಲ. ಚಿಕ್ಕಮಗಳೂರಿಗೆ ಬನ್ನಿ, ಹಾಸನಕ್ಕೆ ಬನ್ನಿ, ಲೆನ್ಸಿನ ಕೆಳಗೆ ಇಡಲು ಇರುವೆ ಹುಡುಕಬೇಕಾಗಿಲ್ಲ. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರವಿದೆ, ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜಿದೆ, ಕೀಟ ಬಲ್ಲವರ ಸಹಾಯ ಇಲ್ಲೇ ಕೇಳಬಹುದು. ಕೀಟ ತಜ್ಞರ ಜೊತೆ ಒಬ್ಬ ಚಿತ್ರಗಾರ, ಒಬ್ಬ ಹೈಸ್ಕೂಲ್ ಮೇಷ್ಟ್ರು ಅಥವಾ ಟೀಚರು, ಒಬ್ಬ ಸಣ್ಣ ಬೆಳೆಗಾರ ಆ ಮೇಜಿನಲ್ಲಿ ಇರಲೇಬೇಕು. ಚಿತ್ರಗಾರರನ್ನು ಕೊನೆಯಲ್ಲಿ ಕರೆದು ಇದಕ್ಕೊಂದು ಚಿತ್ರ ಹಾಕಿ ಅನ್ನುವ ರೂಢಿ ಬಿಡಿ, ತಪ್ಪುಗಳು ಜಾಸ್ತಿ ನುಸುಳುವುದು ಅಲ್ಲೇ.

ಅಲ್ಲಿ ಒಂದು ಪಟ್ಟಿ ಆಗಲಿ. ಮೊದಲಿಗೆ ಇರುವೆ ಒಂದಕ್ಕೇ ಸಾಕು. ಪ್ರತಿ ಭಾಗಕ್ಕೆ ಒಂದು ಕನ್ನಡ ಹೆಸರು, ಅದರ ಪಕ್ಕ ಅಂತರರಾಷ್ಟ್ರೀಯ ಹೆಸರು ಕನ್ನಡ ಲಿಪಿಯಲ್ಲಿ, ಅದರ ಪಕ್ಕ ಆಗಲೇ ಹೇಳಿದ ಹೈಮೆನಾಪ್ಟೆರಾ ಪಟ್ಟಿಯ ನಂಬರ್, ಮತ್ತು ಎಲ್ಲಿಂದ ಎಲ್ಲಿಯವರೆಗೆ ಅನ್ನುವ ಒಂದು ವಾಕ್ಯ. ವಾಕ್ಯ ಇಲ್ಲದ ಪದ ಬೇಡವೇ ಬೇಡ. ಚಿತ್ರ ಮೂರು ಕೋನದಿಂದ ಇರಲಿ, ತಲೆ ಎದುರಿನಿಂದ, ಮೈ ಪಕ್ಕದಿಂದ, ಮೈ ಮೇಲಿನಿಂದ. ಇರುವೆ ತಜ್ಞರು ತೆಗೆಯುವ ಫೋಟೋಗಳ ರೂಢಿಯೂ ಇದೇ, ಹಾಗಾಗಿ ಮುಂದೆ ಹೋಲಿಸುವುದು ಸುಲಭ. ಒಂದು ಗಂಟಿನ ಇರುವೆಗೆ ಗೊದ್ದ, ಎರಡು ಗಂಟಿನದ್ದಕ್ಕೆ ಕ್ರಿಮಾಟೊಗ್ಯಾಸ್ಟರ್ ಇಟ್ಟುಕೊಂಡರೆ ನಮ್ಮ ಎರಡೂ ಜಿಲ್ಲೆಯ ಯಾವ ಶಾಲೆಯವರೂ ಹೊರಗೆ ಹೋಗಿ ಹಿಡಿದು ನೋಡಬಹುದು. ಊರೂರಿನ ಹೆಸರುಗಳನ್ನು, ಗೊದ್ದ, ಚಗಳಿ, ಕಟ್ಟಿರುವೆ ಇಂಥವನ್ನು ಬಿಸಾಕಬೇಡಿ. ಆದರೆ ಪಕ್ಕದಲ್ಲಿ ವೈಜ್ಞಾನಿಕ ಹೆಸರು ಹಾಕಿ, ಯಾಕಂದರೆ ಒಂದೇ ಹೆಸರಲ್ಲಿ ಎರಡು ಊರಿನವರು ಎರಡು ಇರುವೆ ತೋರಿಸುತ್ತಾರೆ. ಪಟ್ಟಿಯ ಮೇಲೆ ಯಾವ ವರ್ಷದ್ದು ಅಂತ ಅಚ್ಚು ಹಾಕಿ, ಬದಲಾದರೆ ಏನು ಬದಲಾಯಿತು ಅಂತ ಹೇಳಿ. ಯಾರು ಬೇಕಾದರೂ ದುಡ್ಡು ಕೊಡದೆ ಇಳಿಸಿಕೊಳ್ಳುವ ಹಾಗಿರಲಿ.

ಪಟ್ಟಿ ಆಗುವುದಕ್ಕೆ ಸಮಯ ಬೇಕು, ಅರ್ಥವಾಗುತ್ತದೆ. ಎರಡು ಕೆಲಸಕ್ಕೆ ಮಾತ್ರ ಕಾಯಬೇಕಾಗಿಲ್ಲ. ಒಂದು, ಪಠ್ಯದ ಮುಂದಿನ ಮುದ್ರಣದಲ್ಲಿ ಮೂರು ಭಾಗದ ಪಾಠಕ್ಕೆ ಮಿಡತೆಯ ಚಿತ್ರ ಹಾಕಿ, ಇರುವೆಯನ್ನು ಬೇರೆ ಚೌಕದಲ್ಲಿ ಸೊಂಟಗಂಟಿನ ಸಮೇತ ತೋರಿಸಿ. ಇನ್ನೊಂದು, ವಸ್ತು ಪ್ರದರ್ಶನದ ತೀರ್ಪುಗಾರರಿಗೆ, ಪೇಪರ್ ತಿದ್ದುವವರಿಗೆ ಒಂದು ಸುತ್ತೋಲೆ ಕಳಿಸಿ, ಇರುವೆಯ ಸೊಂಟವನ್ನು ಬೇರೆ ಗುರುತಿಸಿದ ಮಗುವಿಗೆ ಅಂಕ ಕಳೆಯಬೇಡಿ ಅಂತ. ಇದಕ್ಕೆ ಸಮಿತಿಯೂ ಬೇಡ, ಅನುದಾನವೂ ಬೇಡ.

ನಮ್ಮ ಮಕ್ಕಳು ಬಿಡಿಸಿದ ಚಿತ್ರಗಳು, ಮೊಬೈಲಿಗೆ ಲೆನ್ಸ್ ಸಿಕ್ಕಿಸಿ ತೆಗೆದ ಫೋಟೋಗಳು ಇವೆ. ಯಾರಾದರೂ ಕೇಳಿದರೆ ಎಲ್ಲವನ್ನೂ ಕಳಿಸಿಕೊಡುತ್ತೇವೆ, ಹೆಸರು ಹಾಕದಿದ್ದರೂ ಪರವಾಗಿಲ್ಲ. ಆ ಹುಡುಗಿ ಮಾತ್ರ ಒಂದು ಷರತ್ತು ಹಾಕಿದ್ದಾಳೆ. ಅವಳ ಚಿತ್ರ ತೆಗೆದುಕೊಂಡರೆ ನಾಲ್ಕು ಚೀಟಿಯನ್ನೂ ಬಿಡದೆ ಅಚ್ಚು ಹಾಕಬೇಕಂತೆ. ಉತ್ತರಕ್ಕೆ ಕಾಯುತ್ತಿರುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ವಿಜ್ಞಾನ ಮೇಷ್ಟ್ರು,
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ